ಘಟ್ಟದ ಇಳಿಜಾರು ಮತ್ತು ವಾಹನದ ಬ್ರೇಕ್: ಶಾಖವನ್ನು ತಾಳುವಂತೆ ಸುಧಾರಿಸುವ ಬಗೆ

ಗ್ರಾಮ ಪಂಚಾಯಿತಿಯ ಮಾನ್ಯ ಸದಸ್ಯರ ಅವಗಾಹನೆಗಾಗಿ

ಕುದೇರು ಮತ್ತು ಸುತ್ತಲಿನ ಗ್ರಾಮಗಳ ರಸ್ತೆಗಳು ಬಹುತೇಕ ಸಮತಟ್ಟಾಗಿವೆ. ಸಂತೇಮರಹಳ್ಳಿಗೋ ಚಾಮರಾಜನಗರಕ್ಕೋ ಹೋಗಿಬರುವ ಕಾರಿನ ಬ್ರೇಕು ಹೆಚ್ಚು ಬಿಸಿಯಾಗುವ ಸಂದರ್ಭವೇ ಒದಗುವುದಿಲ್ಲ. ಆದರೆ ಇದೇ ಕಾರು ಅಮಾವಾಸ್ಯೆಗೆ, ಶಿವರಾತ್ರಿಗೆ, ದೀಪಾವಳಿಗೆ ಮಲೆ ಮಹದೇಶ್ವರ ಬೆಟ್ಟವನ್ನು ಏರಿ ಇಳಿಯುತ್ತದೆ. ಸತ್ಯಮಂಗಲದ ಕಡೆಗೆ ಹೊರಟರೆ ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನು ದಾಟುತ್ತದೆ. ಊಟಿಗೆ ಹೋದವರು ಕಲ್ಲಟ್ಟಿಯ 36 ತಿರುವುಗಳ ಹಾದಿಯನ್ನು ಕಾಣುತ್ತಾರೆ. ಊರಿನಲ್ಲಿ ಎಂದೂ ಪರೀಕ್ಷೆಗೊಳಗಾಗದ ಬ್ರೇಕು ಮೊದಲ ಬಾರಿಗೆ ಪರೀಕ್ಷೆಗೊಳಗಾಗುವುದು ವಾಹನದ ತುಂಬ ಕುಟುಂಬದವರು ಕುಳಿತಿರುವಾಗ. ಆದಕಾರಣ ಈ ವಿಷಯವನ್ನು ಸದಸ್ಯರು ತಿಳಿದು ಜನರಿಗೂ ತಿಳಿಸುವುದು ಅಗತ್ಯವಾಗಿದೆ.

ಶಾಖ ಎಲ್ಲಿಂದ ಬರುತ್ತದೆ?

ಬ್ರೇಕು ವಾಹನದ ಚಲನೆಯನ್ನು ಇಲ್ಲವಾಗಿಸುವುದಿಲ್ಲ. ಅದನ್ನು ಘರ್ಷಣೆಯ ಮೂಲಕ ಶಾಖವಾಗಿ ಮಾರ್ಪಡಿಸುತ್ತದೆ. ಜನರೂ ಸಾಮಾನೂ ಸೇರಿ 1,500 ಕಿಲೋ ತೂಗುವ ಕಾರು ಗಂಟೆಗೆ 60 ಕಿ.ಮೀ. ವೇಗದಿಂದ ಒಮ್ಮೆ ನಿಂತರೆ ಸುಮಾರು 2 ಲಕ್ಷ ಜೌಲ್ ಶಾಖ ಉಂಟಾಗುತ್ತದೆ. ಅದೇ ಕಾರು 100 ಮೀಟರ್ ಎತ್ತರವನ್ನು ಬ್ರೇಕಿನ ಬಲದಿಂದಲೇ ಇಳಿದರೆ ಸುಮಾರು 15 ಲಕ್ಷ ಜೌಲ್ ಶಾಖವಾಗುತ್ತದೆ. ಇದು ಏಳು ಬಾರಿ ನಿಂತದ್ದಕ್ಕೆ ಸಮ. ಐದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು. ಘಟ್ಟವೆಂದರೆ ಇಂತಹ 100 ಮೀಟರ್‌ಗಳು ಒಂದರ ಹಿಂದೊಂದು ಬರುವ ರಸ್ತೆ. ನಡುವೆ ಬ್ರೇಕಿಗೆ ಆರುವ ಅವಕಾಶವೇ ದೊರೆಯುವುದಿಲ್ಲ.

ಬ್ರೇಕು ಸೋಲುವ ಎರಡು ಬಗೆ

ಮೊದಲನೆಯದು, ಪ್ಯಾಡ್ ಅಥವಾ ಲೈನರ್ ಮಿತಿಮೀರಿ ಕಾದು ಹಿಡಿತ ಕಳೆದುಕೊಳ್ಳುವುದು. ಆಗ ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಸುಟ್ಟ ವಾಸನೆ ಬರುತ್ತದೆ, ಎಷ್ಟು ಒತ್ತಿದರೂ ವೇಗ ತಗ್ಗುವುದಿಲ್ಲ. ಹಿಂಚಕ್ರದ ಡ್ರಮ್ಮಾದರೆ ಕಾದಂತೆ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ.

ಎರಡನೆಯದು ಇನ್ನೂ ಅಪಾಯಕಾರಿ: ಬ್ರೇಕ್ ಆಯಿಲ್ ಕುದಿಯುವುದು. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಕೊಳವೆಯಲ್ಲಿ ಆವಿಯ ಗುಳ್ಳೆಗಳಾದರೆ ಕಾಲಿನ ಒತ್ತಡವೆಲ್ಲ ಅವುಗಳನ್ನು ಕುಗ್ಗಿಸುವುದರಲ್ಲೇ ವ್ಯಯವಾಗಿ, ಪೆಡಲು ಮೆತ್ತಗಾಗಿ ತಳಕ್ಕೆ ಇಳಿಯುತ್ತದೆ.

ಸುಧಾರಣೆಯ ಕ್ರಮ

ಕಡಿಮೆ ವೆಚ್ಚದ್ದರಿಂದ ಆರಂಭಿಸುವುದೇ ಸರಿಯಾದ ಕ್ರಮ.

1. ಬ್ರೇಕ್ ಆಯಿಲ್: ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಿಗದಿತ ಮಾನದಂಡದಂತೆ ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು ಕ್ರಮವಾಗಿ 230 ಮತ್ತು 155. ಹೀಗಾಗಿ ಹಳೆಯ ಡಾಟ್ 4ಕ್ಕಿಂತ ಹೊಸ ಡಾಟ್ 3 ಹೆಚ್ಚು ಶಾಖ ತಾಳಬಲ್ಲದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಕಡಿಮೆಯಾದಷ್ಟನ್ನು ಮೇಲಿಂದ ತುಂಬಿದರೆ ಹಳೆಯ ತೇವ ಹೋಗುವುದಿಲ್ಲ. ಸಿಲಿಕಾನ್ ಆಧಾರಿತ ಡಾಟ್ 5 ಬೇರೆ ಜಾತಿಯದು, ಇವುಗಳೊಡನೆ ಬೆರೆಸಬಾರದು.

2. ಪ್ಯಾಡ್ ಮತ್ತು ಲೈನರ್: ಸವೆದು ತೆಳುವಾದ ಪ್ಯಾಡ್ ಶಾಖವನ್ನು ಬೇಗನೆ ಆಯಿಲಿಗೆ ದಾಟಿಸುತ್ತದೆ. ಬದಲಿಸುವಾಗ ಅಗ್ಗದ ನಕಲಿ ಮಾಲು ಬೇಡ. ಘಟ್ಟದಲ್ಲಿ ಹೆಚ್ಚು ಓಡಾಡುವವರು ಲೋಹದ ಅಂಶ ಅಧಿಕವಿರುವ ಉತ್ತಮ ದರ್ಜೆಯ ಪ್ಯಾಡ್ ಹಾಕಿಸಬಹುದು. ಸದ್ದು ಮತ್ತು ಡಿಸ್ಕಿನ ಸವೆತ ತುಸು ಹೆಚ್ಚಾಗಬಹುದು. ಓಟದ ಸ್ಪರ್ಧೆಯ ಪ್ಯಾಡ್ ಊರಿನ ಬಳಕೆಗೆ ತಕ್ಕುದಲ್ಲ. ಅದು ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲ.

3. ಡಿಸ್ಕ್: ಒಳಗೆ ಗಾಳಿಕಿಂಡಿಗಳಿರುವ ದಪ್ಪ ಡಿಸ್ಕ್ ಬೇಗ ಆರುತ್ತದೆ. ತಮ್ಮ ಮಾದರಿಯ ವಾಹನಕ್ಕೆ ತಯಾರಕರೇ ಅಂತಹದನ್ನು ಒದಗಿಸಿದ್ದರೆ ಮಾತ್ರ ಅಳವಡಿಸುವುದು ಒಳ್ಳೆಯದು. ಕನಿಷ್ಠ ದಪ್ಪಕ್ಕಿಂತ ಸವೆದ ಡಿಸ್ಕನ್ನು ಬದಲಿಸಲೇಬೇಕು. ಅಂದಕ್ಕಾಗಿ ಮೇಲ್ಮೈಯಲ್ಲಿ ತೂತು ಕೊರೆದ ಡಿಸ್ಕಿಗೆ ಹಣ ಸುರಿಯಬೇಕಿಲ್ಲ. ತೂತಿನ ಬಳಿ ಬಿರುಕು ಮೂಡುವ ಸಂಭವವೂ ಇದೆ.

ಮುಂದಿನ ಬ್ರೇಕನ್ನು ಮಾತ್ರ ಬಹಳ ಬಲಪಡಿಸಿದರೆ ಮುಂದು ಹಿಂದಿನ ಸಮತೋಲನ ಕೆಡುತ್ತದೆ. ಅಲ್ಲದೆ, ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ ನೋಂದಣಿಯಲ್ಲಿ ನಮೂದಾದ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ.

ಚಾಲನೆಯೇ ಮೊದಲ ರಕ್ಷಣೆ

ಎಷ್ಟೇ ಉತ್ತಮ ಬ್ರೇಕಾದರೂ ಇಳಿಜಾರಿನುದ್ದಕ್ಕೂ ಒತ್ತಿಹಿಡಿದರೆ ಕಾಯದೆ ಇರದು. ಇಳಿಯಲು ಆರಂಭಿಸುವ ಮೊದಲೇ ಎರಡನೆಯ ಗೇರಿಗೆ, ತೀರ ಕಡಿದಾದಲ್ಲಿ ಒಂದನೆಯ ಗೇರಿಗೆ ತಂದರೆ ಎಂಜಿನ್ನೇ ವಾಹನವನ್ನು ತಡೆಯುತ್ತದೆ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ ಬಿಡಬೇಕು. ಕಾಲು ಸದಾ ಪೆಡಲಿನ ಮೇಲಿರಬಾರದು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ, ಎಂಜಿನ್ ಆರಿಸಿ ಇಳಿಯುವ ಅಭ್ಯಾಸ ಪ್ರಾಣಾಪಾಯಕಾರಿ: ಎಂಜಿನ್ನಿನ ತಡೆಯೂ ಇಲ್ಲ, ಬ್ರೇಕಿಗೆ ಬಲ ಕೊಡುವ ಬೂಸ್ಟರೂ ಬಹುಬೇಗ ನಿಷ್ಕ್ರಿಯವಾಗುತ್ತದೆ.

ಪೆಡಲು ಮೆತ್ತಗಾದರೆ ಪದೇ ಪದೇ ಒತ್ತುತ್ತ, ಗೇರ್ ಇಳಿಸುತ್ತ, ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆಯುತ್ತ, ಕಣಿವೆಯ ಕಡೆಗಲ್ಲದೆ ಗುಡ್ಡದ ಬದಿಗೆ ನಿಲ್ಲಿಸಬೇಕು. ಸುಟ್ಟ ವಾಸನೆ ಬಂದರೆ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆಯಾದರೂ ಆರಲು ಬಿಡಬೇಕು. ಕಾದ ಡಿಸ್ಕಿಗೆ ನೀರು ಹಾಕಬಾರದು. ಎರಕದ ಕಬ್ಬಿಣ ಬಿರುಕು ಬಿಡಬಹುದು.

ಸದಸ್ಯರು ಮಾಡಬಹುದಾದದ್ದು

ಜಾತ್ರೆಗೆ ಮುಂಚಿನ ಸಭೆಗಳಲ್ಲಿ ಈ ವಿಷಯವನ್ನು ಪ್ರಸ್ತಾಪಿಸಬಹುದು. ಬೆಟ್ಟಕ್ಕೆ ಬಾಡಿಗೆ ವಾಹನ ಗೊತ್ತುಮಾಡುವವರು ಬಾಡಿಗೆಯ ಜೊತೆಗೆ, ಬ್ರೇಕ್ ಆಯಿಲ್ ಬದಲಿಸಿ ಎಷ್ಟು ಕಾಲವಾಯಿತೆಂದೂ ಚಾಲಕರನ್ನು ಕೇಳುವ ರೂಢಿ ಬೆಳೆಯಲಿ. ಸರಕು ಸಾಗಣೆ ವಾಹನದಲ್ಲಿ ಭಕ್ತರನ್ನು ತುಂಬಿ ಕಳುಹಿಸುವುದು ಕಾನೂನುಬಾಹಿರ. ಹೆಚ್ಚುವ ಪ್ರತಿ ಕಿಲೋ ತೂಕವೂ ಬ್ರೇಕಿನ ಶಾಖವನ್ನು ಹೆಚ್ಚಿಸುತ್ತದೆ ಎಂಬುದನ್ನು ಮನವರಿಕೆ ಮಾಡಿಕೊಡಬೇಕು. ಪಂಚಾಯಿತಿಯ ಕಸ ಸಂಗ್ರಹಣಾ ವಾಹನ ಮತ್ತು ನೀರಿನ ಟ್ಯಾಂಕರುಗಳಿಗೂ ಆಯಿಲ್ ಹಾಗೂ ಲೈನರ್ ಬದಲಿಸಿದ ದಿನಾಂಕವನ್ನು ವಹಿಯಲ್ಲಿ ನಮೂದಿಸುವುದು ಸೂಕ್ತ. ಒಂದು ಡಬ್ಬಿ ಆಯಿಲ್ ಮತ್ತು ಮೆಕ್ಯಾನಿಕ್ಕಿನ ಒಂದೆರಡು ಗಂಟೆಯ ಕೆಲಸದಿಂದ ಒಂದು ಕುಟುಂಬ ಸುರಕ್ಷಿತವಾಗಿ ಮನೆ ಸೇರುವುದಾದರೆ, ಅದಕ್ಕಿಂತ ಲಾಭದಾಯಕ ವೆಚ್ಚ ಬೇರೊಂದಿಲ್ಲ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕುದೇರು