ಹುಬ್ಬಳ್ಳಿ-ಧಾರವಾಡದಲ್ಲಿ ಸಾರ್ವಜನಿಕ ವಸತಿ ಯೋಜನೆಗಳ ಹಣಕಾಸು

ಹುಬ್ಬಳ್ಳಿ-ಧಾರವಾಡದಲ್ಲಿ ಸಾರ್ವಜನಿಕ ವಸತಿ ಯೋಜನೆಗಳು ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ಮಹಾನಗರ ಪಾಲಿಕೆ ಮತ್ತು ಫಲಾನುಭವಿ ಕುಟುಂಬಗಳ ಹಣದಿಂದ ಹಂತ ಹಂತವಾಗಿ ನಿರ್ಮಾಣವಾಗುತ್ತವೆ. ಇವುಗಳಲ್ಲಿ ಒಂದು ಪಾಲು ತಡವಾದರೂ ಉಳಿದ ಪಾಲುಗಳ ಬಿಡುಗಡೆ ನಿಲ್ಲುವ ಸಂಭವವಿರುವುದರಿಂದ, ಹಣಕಾಸಿನ ವ್ಯವಸ್ಥೆ ಮತ್ತು ಕಾಮಗಾರಿಯ ಹಂತಗಳು ಒಂದಕ್ಕೊಂದು ಬೆಸೆದುಕೊಂಡಿವೆ.

ಹಿನ್ನೆಲೆ

ಸುಮಾರು 20 ಕಿ.ಮೀ. ಅಂತರದಲ್ಲಿರುವ ಹುಬ್ಬಳ್ಳಿ ಮತ್ತು ಧಾರವಾಡ ನಗರಗಳನ್ನು ಸೇರಿಸಿ 1962ರಲ್ಲಿ ಒಂದೇ ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. 2011ರ ಜನಗಣತಿಯಂತೆ ಅವಳಿ ನಗರದ ಜನಸಂಖ್ಯೆ ಸುಮಾರು 9.4 ಲಕ್ಷ. ಎರಡೂ ನಗರಗಳ ನಡುವಿನ ನವನಗರವು ಕರ್ನಾಟಕ ಗೃಹ ಮಂಡಳಿ ಅಭಿವೃದ್ಧಿಪಡಿಸಿದ ಬಡಾವಣೆಯಾಗಿದೆ.

ಸಂಸ್ಥೆಗಳು

* ಕರ್ನಾಟಕ ಗೃಹ ಮಂಡಳಿ: 1962ರ ಕಾಯ್ದೆಯಡಿ ಕಾರ್ಯನಿರ್ವಹಿಸುತ್ತದೆ. ಮನೆ ಹಾಗೂ ನಿವೇಶನಗಳನ್ನು ಸಿದ್ಧಪಡಿಸಿ ಬೆಲೆ ಪಡೆದು ಹಂಚುತ್ತದೆ.
* ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ: 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಡಿ ಬಡಾವಣೆಗಳನ್ನು ರಚಿಸುತ್ತದೆ.
* ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿ: 1973ರ ಕೊಳಚೆ ಪ್ರದೇಶಗಳ ಕಾಯ್ದೆಯಡಿ, ಘೋಷಿತ ಕೊಳಗೇರಿಗಳಲ್ಲಿ ಮನೆಗಳನ್ನು ಕಟ್ಟಿಸುತ್ತದೆ.
* ರಾಜೀವ್ ಗಾಂಧಿ ವಸತಿ ನಿಗಮ: 2000ದಲ್ಲಿ ಸ್ಥಾಪನೆಯಾಯಿತು. ರಾಜ್ಯದ ವಸತಿ ಯೋಜನೆಗಳ ಅನುದಾನವನ್ನು ನಿರ್ವಹಿಸುತ್ತದೆ.

ಹಣದ ಮೂಲಗಳು

ಬಡಾವಣೆಗಳಲ್ಲಿ ಪ್ರಾಧಿಕಾರವು ಭೂಮಿ, ರಸ್ತೆ, ಚರಂಡಿ ಮತ್ತು ವಿದ್ಯುತ್ತಿನ ವೆಚ್ಚವನ್ನು ಮೊದಲು ಭರಿಸಿ, ನಿವೇಶನಗಳ ಹಂಚಿಕೆಯಿಂದ ಅದನ್ನು ಹಿಂಪಡೆಯುತ್ತದೆ. ಸಾಮಾನ್ಯ ನಿವೇಶನಗಳಿಗೆ ನಿಗದಿತ ದರವಿರುತ್ತದೆ. ಮೂಲೆ ನಿವೇಶನಗಳು ಮತ್ತು ವಾಣಿಜ್ಯ ನಿವೇಶನಗಳನ್ನು ಹರಾಜು ಮಾಡಲಾಗುತ್ತದೆ. ಹರಾಜಿನ ಹೆಚ್ಚುವರಿ ಆದಾಯವು ಉಳಿದ ನಿವೇಶನಗಳ ದರವನ್ನು ಹಿಡಿತದಲ್ಲಿಡಲು ನೆರವಾಗುತ್ತದೆ. ಬಂಡವಾಳದ ಸಾಲಕ್ಕೆ 1970ರಲ್ಲಿ ಸ್ಥಾಪನೆಯಾದ ಹುಡ್ಕೋ ಒಂದು ಮುಖ್ಯ ಮೂಲವಾಗಿದೆ.

ಬಡವರ ವಸತಿಯಲ್ಲಿ ವೆಚ್ಚವು ಪೂರ್ಣವಾಗಿ ಹಿಂದಿರುಗುವುದಿಲ್ಲವಾದ್ದರಿಂದ ಸಹಾಯಧನ ಅನಿವಾರ್ಯ. 2005ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ನಗರ ನವೀಕರಣ ಅಭಿಯಾನದ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು ಮತ್ತು ಮೈಸೂರು ಮಾತ್ರ ಇದ್ದವು. ಉಳಿದ ನಗರಗಳಿಗೆ ಸಮಗ್ರ ವಸತಿ ಮತ್ತು ಕೊಳಗೇರಿ ಅಭಿವೃದ್ಧಿ ಕಾರ್ಯಕ್ರಮವು ಅನ್ವಯಿಸುತ್ತಿತ್ತು. ಅದರಲ್ಲಿ ಕೇಂದ್ರದ ಪಾಲು ಶೇ. 80, ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ಪಾಲು ಶೇ. 20. ಫಲಾನುಭವಿಯು ಕನಿಷ್ಠ ಶೇ. 12ರಷ್ಟು, ಪರಿಶಿಷ್ಟ ಜಾತಿ ಮತ್ತು ಪಂಗಡದವರಾದರೆ ಶೇ. 10ರಷ್ಟು ವಂತಿಕೆ ನೀಡಬೇಕಿತ್ತು.

2015ರ ಜೂನ್ 25ರಂದು ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ (ನಗರ) ಪಾಲುಗಾರಿಕೆಯ ಕೈಗೆಟುಕುವ ವಸತಿ ಘಟಕದಡಿ ಪ್ರತಿ ಮನೆಗೆ ಕೇಂದ್ರದಿಂದ 1.5 ಲಕ್ಷ ರೂಪಾಯಿ ದೊರೆಯುತ್ತಿತ್ತು. ಕೊಳಗೇರಿಯ ಮೂಲಸ್ಥಳದಲ್ಲಿಯೇ ಪುನರ್ನಿರ್ಮಾಣವಾದರೆ ಈ ಮೊತ್ತ 1 ಲಕ್ಷ ರೂಪಾಯಿ. ಈ ಮೊತ್ತವು ನಿಗದಿತವಾಗಿದ್ದು, ಸಿಮೆಂಟು, ಕಬ್ಬಿಣ ಮತ್ತು ಕೂಲಿ ಏರಿದರೂ ಹೆಚ್ಚುತ್ತಿರಲಿಲ್ಲ. ಹೆಚ್ಚಿದ ಹೊರೆಯನ್ನು ರಾಜ್ಯ ಅಥವಾ ಫಲಾನುಭವಿಯೇ ಹೊರಬೇಕಾಗುತ್ತಿತ್ತು.

ಕಂತುಗಳು ಮತ್ತು ಹಂತಗಳು

ಕೇಂದ್ರದ ನೆರವು ಶೇ. 40, ಶೇ. 40 ಮತ್ತು ಶೇ. 20ರ ಮೂರು ಕಂತುಗಳಲ್ಲಿ ಬಿಡುಗಡೆಯಾಗುತ್ತಿತ್ತು. ಉದಾಹರಣೆಗೆ, 250 ಮನೆಗಳ ಪಾಲುಗಾರಿಕೆಯ ಯೋಜನೆಗೆ ಒಟ್ಟು ನೆರವು 3.75 ಕೋಟಿ ರೂಪಾಯಿ. ಮಂಜೂರಾತಿಯ ನಂತರ ಮೊದಲ ಕಂತು 1.5 ಕೋಟಿ. ಅದರ ಶೇ. 70ರಷ್ಟನ್ನು ಬಳಸಿ, ತಕ್ಕ ಪ್ರಗತಿಯನ್ನು ತೋರಿಸಿದ ಮೇಲೆ ಎರಡನೆಯ ಕಂತು 1.5 ಕೋಟಿ. ಉಳಿದ 75 ಲಕ್ಷ ರೂಪಾಯಿ ಮನೆಗಳು ಹಾಗೂ ಮೂಲಸೌಕರ್ಯಗಳು ಪೂರ್ಣಗೊಂಡ ನಂತರ. ಹೀಗಾಗಿ ಕೊನೆಯ ಹಂತದ ಕೆಲಸಕ್ಕೆ ಅನುಷ್ಠಾನ ಸಂಸ್ಥೆಯೇ ಬೇರೆಡೆಯಿಂದ ಹಣ ಹೊಂದಿಸಬೇಕಾಗುತ್ತದೆ.

ಸಾಮಾನ್ಯವಾಗಿ ಕಾಮಗಾರಿಯ ಕ್ರಮ ಹೀಗಿರುತ್ತದೆ:

# ಭೂಮಿಯ ಹಕ್ಕುಪತ್ರಗಳ ಪರಿಶೀಲನೆ, ಫಲಾನುಭವಿಗಳ ಪಟ್ಟಿ ಮತ್ತು ವಿವರವಾದ ಯೋಜನಾ ವರದಿ
# ಮಂಜೂರಾತಿ, ಟೆಂಡರ್ ಮತ್ತು ತಳಪಾಯ
# ಗೋಡೆ, ಛಾವಣಿ ಹಾಗೂ ಒಳಗೆಲಸ
# ನೀರು, ಒಳಚರಂಡಿ, ವಿದ್ಯುತ್ ಸಂಪರ್ಕ
# ಹಂಚಿಕೆ ಮತ್ತು ಹಕ್ಕುಪತ್ರ ವಿತರಣೆ

ಹುಬ್ಬಳ್ಳಿ ಭಾಗದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುವುದರಿಂದ ತಳಪಾಯದ ವೆಚ್ಚ ಹೆಚ್ಚುತ್ತದೆ. ಆದ್ದರಿಂದ ಎರಡನೆಯ ಹಂತದಲ್ಲಿಯೇ ಮೊದಲ ಕಂತಿನ ಬಹುಪಾಲು ಖರ್ಚಾಗುವ ಸಾಧ್ಯತೆಯಿದೆ. ಮೂಲಸ್ಥಳದಲ್ಲಿ ಮನೆ ಕಟ್ಟುವಾಗ ನಿವಾಸಿಗಳಿಗೆ ತಾತ್ಕಾಲಿಕ ಆಸರೆ ಬೇಕಾಗುತ್ತದೆ. ಇಡೀ ಕೊಳಗೇರಿಯನ್ನು ಒಮ್ಮೆಗೇ ತೆರವುಗೊಳಿಸದೆ ಭಾಗ ಭಾಗವಾಗಿ ಕಟ್ಟಿದರೆ ಸ್ಥಳಾಂತರದ ಹೊರೆ ಕಡಿಮೆಯಾಗುತ್ತದೆ.

ತೊಡಕುಗಳು

ಫಲಾನುಭವಿಯ ವಂತಿಕೆ ಈ ವ್ಯವಸ್ಥೆಯ ದುರ್ಬಲ ಕೊಂಡಿಯಾಗಿದೆ. ದಿನಗೂಲಿಯ ಕುಟುಂಬಗಳಿಗೆ ನಿಯಮಿತ ಆದಾಯದ ದಾಖಲೆ ಇಲ್ಲದಿರುವುದರಿಂದ ಬ್ಯಾಂಕ್ ಸಾಲ ಸುಲಭವಾಗಿ ದೊರೆಯುವುದಿಲ್ಲ. ವಂತಿಕೆ ಬಾರದಿದ್ದರೆ ಗುತ್ತಿಗೆದಾರರಿಗೆ ಹಣ ಪಾವತಿಯಾಗದೆ ಕೆಲಸ ನಿಲ್ಲುತ್ತದೆ. ಅಷ್ಟರಲ್ಲಿ ಹಳೆಯ ಮನೆಯನ್ನು ಬಿಟ್ಟುಕೊಟ್ಟ ಕುಟುಂಬವು ಬಾಡಿಗೆಯನ್ನೂ ಕಟ್ಟಬೇಕಾಗುತ್ತದೆ. ಕೊಳಗೇರಿ ಮಂಡಳಿಯ ಮನೆಗಳ ವಿಷಯದಲ್ಲಿ ಈ ಸಮಸ್ಯೆ ತೀವ್ರವಾದಾಗ, ಫಲಾನುಭವಿಯಿಂದ 1 ಲಕ್ಷ ರೂಪಾಯಿ ಮಾತ್ರ ಪಡೆದು ಉಳಿದ ವಂತಿಕೆಯನ್ನು ತಾನೇ ಭರಿಸಲು ರಾಜ್ಯ ಸರ್ಕಾರ ನಿರ್ಧರಿಸಿತು.

ಬಡಾವಣೆಗಳಲ್ಲಿ ಕಾಲಮಿತಿಯೇ ಮುಖ್ಯ. 1987ರ ಕಾಯ್ದೆಯ 27ನೆಯ ಪ್ರಕರಣದಂತೆ, ಅಂತಿಮ ಘೋಷಣೆಯಾದ ಐದು ವರ್ಷಗಳೊಳಗೆ ಯೋಜನೆಯು ಗಣನೀಯವಾಗಿ ಕಾರ್ಯಗತವಾಗದಿದ್ದರೆ ಅದು ರದ್ದಾಗುತ್ತದೆ. ಆದ್ದರಿಂದ ಸಾಲ, ಹರಾಜು ಮತ್ತು ಕಾಮಗಾರಿಗಳ ವೇಳಾಪಟ್ಟಿಯನ್ನು ಈ ಅವಧಿಗೆ ಹೊಂದಿಸಬೇಕಾಗುತ್ತದೆ.

ಇವನ್ನೂ ನೋಡಿ

* ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ
* ಕರ್ನಾಟಕ ಗೃಹ ಮಂಡಳಿ
* ಪ್ರಧಾನಮಂತ್ರಿ ಆವಾಸ್ ಯೋಜನೆ