ಹೆಣ್ಣು ಮಿದುಳು, ಗಂಡು ಮಿದುಳು: ಪುಸ್ತಕಕ್ಕೆ ಒಗ್ಗದ ನಮ್ಮ ಲೆಕ್ಕ

ಹೊನ್ನಾಳಿ ಸೀಮೆಯ ಗೋವಿನಕೋವಿಯಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ಕಾಲೇಜಿಗೆ ಹೋಗುವ ಮಗ ತನ್ನಷ್ಟಕ್ಕೇ ಮಾತಾಡಿಕೊಳ್ಳತೊಡಗಿದರೆ ಮನೆಯವರು ಗಾಬರಿಯಾಗುತ್ತಾರೆ. ಮಗಳು ಮೂಲೆ ಸೇರಿದರೆ? ‘ವಯಸ್ಸಿನ ಹುಡುಗಿ, ಸರಿಹೋಗ್ತಾಳೆ ಬಿಡಿ’ ಎನ್ನುವವರೇ ಹೆಚ್ಚು.

ಮಿದುಳಿನಲ್ಲಿ ನರಕೋಶಗಳ ಜೊತೆಗೆ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳೂ ಇವೆ. ಕಸ ಗುಡಿಸುವುದು, ಬೇಡದ ನರಸಂಪರ್ಕಗಳನ್ನು ಕತ್ತರಿಸುವುದು ಇವುಗಳ ಕೆಲಸ. ತೋಟದಲ್ಲಿ ಹೆಚ್ಚಿನ ರೆಂಬೆ ಸವರಿದ ಹಾಗೆ. ಇಲಿಮರಿಗಳ ಮಿದುಳಿನ ಕೆಲವು ಭಾಗಗಳಲ್ಲಿ ಇವುಗಳ ಸಂಖ್ಯೆ, ರೂಪ ಗಂಡಿಗೂ ಹೆಣ್ಣಿಗೂ ಬೇರೆ. ಆಟಿಸಂ ಹುಡುಗರಲ್ಲಿ, ಖಿನ್ನತೆ ಹೆಂಗಸರಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣವಿರಬಹುದೆಂಬುದು ವಿಜ್ಞಾನಿಗಳ ಗುಮಾನಿ.

ಸ್ಕಿಜೋಫ್ರೀನಿಯಾದ ಕತೆ ಇನ್ನೂ ಸ್ವಾರಸ್ಯಕರ. ಗಂಡಸರಿಗೆ ಅದು ಮೂರರಿಂದ ಐದು ವರ್ಷ ಮೊದಲೇ ಬರುತ್ತದೆ, ಹೆಂಗಸರನ್ನು ಈಸ್ಟ್ರೋಜನ್ ಹಾರ್ಮೋನು ಕೆಲಕಾಲ ಕಾಯುತ್ತದೆ ಎಂಬುದು ಪಾಶ್ಚಾತ್ಯ ಪಠ್ಯಪುಸ್ತಕಗಳ ವಾದ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು ನಮ್ಮ ರೋಗಿಗಳ ಲೆಕ್ಕ ತೆಗೆದಾಗ ಅದು ತಾಳೆಯಾಗಲಿಲ್ಲ. 2002ರಲ್ಲಿ ಪ್ರಕಟವಾದ ಅವರ ವರದಿಯಲ್ಲಂತೂ ಎಲ್ಲ ತಿರುಗುಮುರುಗು. ಹೆಂಗಸರಲ್ಲೇ ರೋಗ ಮೊದಲು! ಕೋಶ, ಹಾರ್ಮೋನುಗಳೇ ಎಲ್ಲವನ್ನೂ ನಿರ್ಧರಿಸುವುದಾದರೆ ಹೀಗಾಗಬಾರದಿತ್ತಲ್ಲವೇ?

ಆದ್ದರಿಂದ ಮಗಳಿಗೆ ವಾರಗಟ್ಟಲೆ ನಿದ್ದೆಯಿಲ್ಲ, ಯಾರೂ ಇಲ್ಲದಿದ್ದರೂ ಬೈಗುಳ ಕೇಳಿಸುತ್ತಿದೆ ಎಂದರೆ, ಮದುವೆ ಮಾಡಿದರೆ ಸರಿಹೋದೀತೆಂದು ದಿನ ದೂಡಬೇಡಿ. ತಾಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.