ಕೃಪೆ ಮೊದಲು, ಕೆಲಸ ಆಮೇಲೆ

ಹೋದ ವಾರದ ಮಾತು ಕೇಳಿ ಪುಣೆಯಿಂದ ಒಬ್ಬರು ಪ್ರಶ್ನೆ ಕಳಿಸಿದ್ರು: "ನಂಬಿದ್ರೆ ಸಾಕು, ರಕ್ಷಣೆ ಸಿಗುತ್ತೆ ಅಂದ್ರೆ ಒಳ್ಳೆಯವನಾಗಿ ಬದುಕೋದು ಯಾಕೆ?" ನ್ಯಾಯವಾದ ಪ್ರಶ್ನೆ.

ನಮ್ಮ ಐಟಿ ಬದುಕಿನಲ್ಲಿ ಎಲ್ಲದಕ್ಕೂ ರೇಟಿಂಗ್ ಇದೆ. ವರ್ಷವಿಡೀ ದುಡಿ, ಅಪ್ರೈಸಲ್‌ನಲ್ಲಿ ತೋರಿಸು, ಆಮೇಲೆ ಹೈಕ್. ದೇವರೂ ಹೀಗೇ ಲೆಕ್ಕ ಇಡೋ ಮ್ಯಾನೇಜರ್ ಅಂದುಕೊಂಡರೆ ಭಯ ತಪ್ಪಲ್ಲ. ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್‌ಗೆ ಆಗಿದ್ದು ಇದೇ. ಉಪವಾಸ, ಪ್ರಾರ್ಥನೆ, ಪಾಪನಿವೇದನೆ ಎಲ್ಲ ಮಾಡಿದರೂ 'ಇಷ್ಟು ಸಾಕಾ?' ಅನ್ನೋ ಸಂಶಯ ಅವನನ್ನು ಬಿಡಲಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರ ಓದುವಾಗ ಅವನಿಗೆ ಹೊಳೆಯಿತು: ದೇವರ ಮುಂದೆ ನೀತಿವಂತನಾಗುವುದು ಸಂಪಾದನೆಯಲ್ಲ, ಕ್ರಿಸ್ತನ ಮೂಲಕ ಬರುವ ದಾನ. ಆ ದಾನವೇ ಕೃಪೆ. ಅದನ್ನು ಪಡೆಯಲು ಚಾಚುವ ಬರಿಗೈಯೇ ನಂಬಿಕೆ. ಅಂದ್ರೆ 'ದೇವರಿದ್ದಾನೆ' ಅಂತ ಬರೀ ಒಪ್ಪೋದಲ್ಲ, ಆತನ ಮೇಲೆ ಭಾರ ಹಾಕೋದು. ಪಾಪದ ಶಿಕ್ಷೆ ಕಡಿಮೆಯಾಗುತ್ತೆ ಅಂತ ಹಣಕ್ಕೆ ಪತ್ರ ಕೊಡುತ್ತಿದ್ದ ಪದ್ಧತಿಯನ್ನು 1517ರಲ್ಲಿ ಅವನು 95 ವಾದಗಳಲ್ಲಿ ಪ್ರಶ್ನಿಸಿದ.

ಈಗ ಪ್ರಶ್ನೆಗೆ ಬರೋಣ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ ತೆಗೆದು ನೋಡಿ. 8 ಮತ್ತು 9ನೇ ವಚನಗಳು ರಕ್ಷಣೆ ನಮ್ಮ ಕ್ರಿಯೆಯ ಫಲವಲ್ಲ ಅನ್ನುತ್ತವೆ. ಮುಂದಿನ ವಚನವೇ ನಮ್ಮನ್ನು ಸತ್ಕ್ರಿಯೆಗಾಗಿ ರೂಪಿಸಲಾಗಿದೆ ಅನ್ನುತ್ತೆ. ಕ್ರಿಯೆ ಕಾಣದ ನಂಬಿಕೆಯಲ್ಲಿ ಜೀವವಿಲ್ಲ ಅಂತ ಯಾಕೋಬನ ಪತ್ರವೂ ಎಚ್ಚರಿಸುತ್ತೆ. ಅಂದ್ರೆ ಕೆಲಸವನ್ನು ಕಿತ್ತು ಹಾಕಿಲ್ಲ, ಅದರ ಜಾಗ ಬದಲಾಗಿದೆ ಅಷ್ಟೆ.

ಪಿಜಿಯಲ್ಲಿ ಬಾಡಿಗೆ ಕಟ್ಟದಿದ್ದರೆ ಹಾಸಿಗೆ ಇಲ್ಲ. ಊರಿನ ಮನೆಯಲ್ಲಿ ಅಮ್ಮ ಬಾಡಿಗೆ ನೋಡಿ ಊಟ ಬಡಿಸಲ್ಲ. ಆದರೂ ಅಲ್ಲಿ ನಾವು ಅಂಗಡಿಗೆ ಓಡ್ತೀವಿ, ತಟ್ಟೆ ತೊಳೀತೀವಿ. ಮಾಡೋ ಕೆಲಸ ಒಂದೇ ಇರಬಹುದು, ಆದರೆ ಅದು ಬಾಡಿಗೆಯಲ್ಲ. ಮನೆಯವರಾಗಿರೋದ್ರಿಂದ ಮಾಡ್ತೀವಿ. ಕ್ರೈಸ್ತರು ಹೇಳುವ ಸತ್ಕ್ರಿಯೆ ಈ ಎರಡನೇ ಬಗೆಯದು.

ಇದು ಒಂದೇ ಪಂಗಡದ ಮಾತಲ್ಲ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಜಂಟಿ ಘೋಷಣೆಗೆ ಸಹಿ ಹಾಕಿದವು. ಕೆಲವು ಭೇದಗಳು ಉಳಿದರೂ, ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ, ನಮ್ಮ ಅರ್ಹತೆಯಿಂದಲ್ಲ ಅನ್ನೋದನ್ನು ಎರಡೂ ಕಡೆಯವರು ಒಪ್ಪಿದರು.

ಒಪ್ಪೋದು ಬಿಡೋದು ನಿಮಗೆ ಬಿಟ್ಟದ್ದು. ನನ್ನ ಮಟ್ಟಿಗೆ ಇದರ ತೂಕ ಇರೋದು ಇಲ್ಲಿ: ರೇಟಿಂಗ್ ಬಿದ್ದ ದಿನ, ಕೆಲಸವೇ ಹೋದ ದಿನ ಕೂಡ ಮನುಷ್ಯನ ಬೆಲೆ ಶೂನ್ಯ ಆಗಲ್ಲ. ಏಕೆಂದರೆ ಅದನ್ನು ಕೊಟ್ಟದ್ದು ಆ ಕೆಲಸವಲ್ಲ.